ಶೇರ್ಡ್ ಡ್ರೈವ್‌ನಲ್ಲಿ ಹಳೇ ಫೈಲೇ ಕಾಣ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

"ನಾನು ಸೇವ್ ಮಾಡಿದ್ದೀನಿ, ಆದ್ರೆ ಅವರಿಗೆ ಹಳೇದೇ ಕಾಣ್ತಿದೆ." ಆಫೀಸಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ನನಗೆ ಈ ಮಾತು ಕೇಳಿ ಕೇಳಿ ರೂಢಿಯಾಗಿದೆ. ಇಂಥ ದೂರು ಬಂದಾಗ ಸರ್ವರ್ ನಿಜಕ್ಕೂ ಹಳೇ ಫೈಲ್ ಕೊಟ್ಟಿರುವುದು ಅಪರೂಪ. ಸಾಮಾನ್ಯವಾಗಿ ಇಬ್ಬರೂ ನೋಡುತ್ತಿರುವುದು ಎರಡು ಬೇರೆ ಬೇರೆ ಕಾಪಿ. ಹೆಸರು ಮಾತ್ರ ಒಂದೇ. ಹಾಗಾಗಿ ಕೆಳಗಿನ ಎಷ್ಟೋ ಉತ್ತರಗಳು "ನೀವು ನೋಡ್ತಿರೋದು ಯಾವ ಕಾಪಿ?" ಅನ್ನುವ ಪ್ರಶ್ನೆಗೇ ವಾಪಸ್ ಬರುತ್ತವೆ.

ನನಗೆ ಹೊಸದು ಕಾಣುತ್ತೆ, ಪಕ್ಕದವರಿಗೆ ಹಳೇದು. ಮೊದಲು ಏನು ನೋಡಬೇಕು?

ಪೂರ್ತಿ ಪಾತ್, ಅಂದರೆ ಫೈಲ್ ಇರುವ ಜಾಗದ ಪೂರ್ತಿ ವಿಳಾಸ. ಬೇರೆ ಏನೂ ಮುಟ್ಟಬೇಡಿ, ರೀಸ್ಟಾರ್ಟ್ ಕೂಡ ಬೇಡ. ಇಬ್ಬರ ಸ್ಕ್ರೀನ್‌ನಲ್ಲೂ ಫೈಲ್ ತೆರೆದಿರಲಿ. ಎಕ್ಸೆಲ್, ವರ್ಡ್ ಆದರೆ ಫೈಲ್ ಮೆನುವಿನಲ್ಲಿ ಇನ್ಫೋಗೆ ಹೋದರೆ ಹೆಸರಿನ ಕೆಳಗೆ ಪಾತ್ ಇರುತ್ತದೆ. ಅದನ್ನು ಅಕ್ಷರ ಅಕ್ಷರ ಹೋಲಿಸಿ.

ಇಲ್ಲಿ ಸಿಕ್ಕಿಬೀಳುವ ಕಳ್ಳರು ಮೂರು. ಒಂದು, ಡೆಸ್ಕ್‌ಟಾಪ್ ಕಾಪಿ. ಯಾವತ್ತೋ ಶಾರ್ಟ್‌ಕಟ್ ಮಾಡುವ ಬದಲು ಫೈಲನ್ನೇ ಡೆಸ್ಕ್‌ಟಾಪ್‌ಗೆ ಎಳೆದಿರುತ್ತಾರೆ. ಬೇರೆ ಡ್ರೈವ್‌ನಿಂದ ಎಳೆದರೆ ವಿಂಡೋಸ್ ಅದನ್ನು ಕಾಪಿ ಮಾಡುತ್ತದೆ. ಅವತ್ತಿನಿಂದ ಅವರು ತಮ್ಮದೇ ಪ್ರಪಂಚದಲ್ಲಿ ಇರುತ್ತಾರೆ. ಎರಡು, ಮೇಲ್‌ನಲ್ಲಿ ಬಂದ ಅಟ್ಯಾಚ್‌ಮೆಂಟ್. ಮೇಲ್‌ನಿಂದ ನೇರ ತೆರೆದ ಫೈಲ್ ಒಂದು ಟೆಂಪರರಿ ಫೋಲ್ಡರ್‌ನಲ್ಲಿ ಕೂತಿರುತ್ತದೆ, ಶೇರ್‌ಗೂ (ಸರ್ವರ್‌ನಲ್ಲಿ ಎಲ್ಲರಿಗೂ ಹಂಚಿಟ್ಟ ಫೋಲ್ಡರ್) ಅದಕ್ಕೂ ಸಂಬಂಧವೇ ಇಲ್ಲ. ಮೂರು, "ರೀಸೆಂಟ್" ಪಟ್ಟಿ. ಅದರಲ್ಲಿ ಮೇಲೆ ಇರುವುದನ್ನೇ ಒತ್ತಿ ಅಭ್ಯಾಸ. ಮೇಲಿರುವುದು ಅಟ್ಯಾಚ್‌ಮೆಂಟ್ ಆಗಿರಬಹುದು ಅಂತ ಯಾರೂ ಯೋಚಿಸುವುದಿಲ್ಲ.

ಇಬ್ಬರದೂ ಝಡ್ ಡ್ರೈವೇ. ಅಂದರೆ ಒಂದೇ ಜಾಗ ತಾನೇ?

ಅಲ್ಲ. ಝಡ್ ಅನ್ನುವುದು ನಿಮ್ಮ ಕಂಪ್ಯೂಟರ್ ಇಟ್ಟುಕೊಂಡ ಅಡ್ಡಹೆಸರು ಅಷ್ಟೇ. ನಿಮ್ಮ ಝಡ್ ಹೊಸ ಸರ್ವರ್‌ಗೆ, ಅವರ ಝಡ್ ಹಳೇ ಸರ್ವರ್‌ಗೆ ಹೋಗುತ್ತಿರಬಹುದು. ಕಮಾಂಡ್ ಪ್ರಾಂಪ್ಟ್ ತೆರೆದು "ನೆಟ್ ಯೂಸ್" ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಯಾವ ಅಕ್ಷರ ಯಾವ ಸರ್ವರ್‌ನ ಯಾವ ಶೇರ್‌ಗೆ ಹೋಗುತ್ತದೆ ಅಂತ ಪಟ್ಟಿ ಬರುತ್ತದೆ. ಎರಡೂ ಕಂಪ್ಯೂಟರ್‌ನಲ್ಲಿ ಮಾಡಿ ನೋಡಿ.

ಸರ್ವರ್ ಬದಲಾಯಿಸಿದ ಮೇಲೆ ಹಳೇದನ್ನು "ಒಂದೆರಡು ತಿಂಗಳು ಇರಲಿ" ಅಂತ ಆನ್ ಇಟ್ಟಿರುತ್ತಾರಲ್ಲ, ಅಂಥ ಕಡೆ ಇದು ಗ್ಯಾರಂಟಿ. ಯಾರೋ ಒಬ್ಬರ ಮ್ಯಾಪಿಂಗ್ (ಯಾವ ಅಕ್ಷರ ಯಾವ ಸರ್ವರ್‌ಗೆ ಅನ್ನುವ ಜೋಡಣೆ) ಬದಲಾಗದೆ ಉಳಿದಿರುತ್ತದೆ. ಅವರು ದಿನಾ ಹಳೇ ಸರ್ವರ್‌ನಲ್ಲಿ ಸೇವ್ ಮಾಡುತ್ತಿರುತ್ತಾರೆ. ಎಲ್ಲರೂ ಅವರಿಗೆ "ನೀವು ಅಪ್‌ಡೇಟ್ ಮಾಡಿಲ್ಲ" ಅಂತ ಬೈಯುತ್ತಿರುತ್ತಾರೆ. ಪಾಪ, ಅವರು ಮಾಡಿರುತ್ತಾರೆ. ಸರ್ವರ್ ಬದಲಾದ ದಿನವೇ ಹಳೇ ಶೇರನ್ನು ರೀಡ್ ಓನ್ಲಿ ಮಾಡಿಬಿಡುವುದು ನನ್ನ ಪದ್ಧತಿ. ಸೇವ್ ಆಗದಿದ್ದರೆ ಅವರೇ ಫೋನ್ ಮಾಡುತ್ತಾರೆ.

ಪಾತ್, ಸರ್ವರ್ ಹೆಸರು ಎಲ್ಲಾ ಒಂದೇ. ಆದ್ರೂ ಒಳಗಿನದು ಬೇರೆ. ಹೇಗೆ ಪತ್ತೆ ಮಾಡೋದು?

ಒಂದು ಸುಲಭದ ಪರೀಕ್ಷೆ ಇದೆ. ಅದೇ ಫೋಲ್ಡರ್‌ನಲ್ಲಿ ಒಂದು ಖಾಲಿ ಟೆಕ್ಸ್ಟ್ ಫೈಲ್ ಮಾಡಿ, ಹೆಸರಿನಲ್ಲಿ ಈಗಿನ ಸಮಯ ಹಾಕಿ. "ಪರೀಕ್ಷೆ 11-42" ಅಂತ ಏನೋ ಒಂದು. ಪಕ್ಕದವರಿಗೆ ಎಫ್5 ಒತ್ತಲು ಹೇಳಿ. ಅರ್ಧ ನಿಮಿಷದಲ್ಲಿ ಕಂಡರೆ ಇಬ್ಬರೂ ಒಂದೇ ಜಾಗದಲ್ಲಿದ್ದೀರಿ, ತೊಂದರೆ ಆ ಒಂದು ಫೈಲ್‌ಗೆ ಅಥವಾ ಅದನ್ನು ತೆರೆಯುವ ಪ್ರೋಗ್ರಾಂಗೆ ಸೇರಿದ್ದು. ಐದು ನಿಮಿಷವಾದರೂ ಕಾಣದಿದ್ದರೆ ನಡುವೆ ಯಾರೋ ಇದ್ದಾರೆ: ಆಫ್‌ಲೈನ್ ಕಾಪಿ, ಅಥವಾ ಅದೇ ಹೆಸರಿನ ಹಿಂದೆ ಇರುವ ಎರಡನೇ ಸರ್ವರ್. ಈ ಎರಡರ ಬಗ್ಗೆಯೂ ಮುಂದೆ ಬರೆದಿದ್ದೇನೆ.

ಇನ್ನೂ ಖಚಿತ ಬೇಕು ಅನ್ನುವವರು ಹ್ಯಾಶ್ ತೆಗೆಯಿರಿ. ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್, ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್. ಫೈಲ್‌ನ ಒಳಗಿನದನ್ನೆಲ್ಲ ಓದಿ ಒಂದು ಉದ್ದನೆಯ ಸಂಖ್ಯೆ ಕೊಡುತ್ತವೆ. ಇಬ್ಬರ ಸಂಖ್ಯೆ ಒಂದೇ ಆದರೆ ಫೈಲ್ ಒಂದೇ, ಅಲ್ಲಿಗೆ ವಾದ ಮುಗಿಯಿತು. ತಾರೀಖು, ಸೈಜ್ ಎರಡೂ ಸುಳ್ಳು ಹೇಳಬಹುದು, ಹ್ಯಾಶ್ ಹೇಳುವುದಿಲ್ಲ.

ಎಫ್5 ಒತ್ತಿದರೆ ಸರಿಹೋಗುತ್ತೆ. ತಾನಾಗೇ ಯಾಕೆ ಆಗಲ್ಲ?

ಫೋಲ್ಡರ್ ತೆರೆದ ಪ್ರತಿ ಸಲ ಸರ್ವರ್‌ನ ಕೇಳುತ್ತಾ ಕೂತರೆ ನೆಟ್‌ವರ್ಕ್ ಸುಸ್ತಾಗುತ್ತದೆ. ಅದಕ್ಕೆ ವಿಂಡೋಸ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಫೋಲ್ಡರ್‌ನ ಪಟ್ಟಿ 10 ಸೆಕೆಂಡು, ಫೈಲ್‌ನ ಸೈಜ್ ಮತ್ತು ತಾರೀಖು 10 ಸೆಕೆಂಡು. "ಆ ಹೆಸರಿನ ಫೈಲ್ ಇಲ್ಲ" ಅನ್ನುವುದನ್ನೂ 5 ಸೆಕೆಂಡು ನೆನಪಿಟ್ಟುಕೊಳ್ಳುತ್ತದೆ. ಇವು ವಿಂಡೋಸ್‌ನ ಡೀಫಾಲ್ಟ್ ಲೆಕ್ಕ. ಫೋಲ್ಡರ್ ಬದಲಾದಾಗ ಸರ್ವರ್ ಸುದ್ದಿ ಕಳಿಸುವ ವ್ಯವಸ್ಥೆಯೂ ಇದೆ. ಆದರೆ ಆ ಸುದ್ದಿ ಕೆಲವೊಮ್ಮೆ ದಾರಿಯಲ್ಲೇ ಕಳೆದುಹೋಗುತ್ತದೆ. ವಿಪಿಎನ್ (ಹೊರಗಿನಿಂದ ಆಫೀಸ್ ನೆಟ್‌ವರ್ಕ್‌ಗೆ ಸೇರುವ ದಾರಿ) ಮೇಲೆ, ಅಗ್ಗದ ಎನ್‌ಎಎಸ್ ಡಬ್ಬಿಗಳಲ್ಲಿ (ನೆಟ್‌ವರ್ಕ್‌ಗೆ ಸಿಕ್ಕಿಸಿ ಫೈಲ್ ಇಡುವ ಪೆಟ್ಟಿಗೆ) ಜಾಸ್ತಿ.

ಕೂತು ಕೆಲಸ ಮಾಡುವ ಮನುಷ್ಯರಿಗೆ 10 ಸೆಕೆಂಡು ಲೆಕ್ಕಕ್ಕಿಲ್ಲ. ಎಫ್5 ಒತ್ತಿ, ಮುಂದಕ್ಕೆ ಹೋಗಿ.

ಹಾಗಾದ್ರೆ ಆ 10 ಸೆಕೆಂಡನ್ನು ಸೊನ್ನೆ ಮಾಡಿಬಿಡಲಾ?

ಮಾಡಬಹುದು. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಲ್ಯಾನ್‌ಮ್ಯಾನ್‌ವರ್ಕ್‌ಸ್ಟೇಷನ್ ಸರ್ವಿಸ್‌ನ ಪ್ಯಾರಾಮೀಟರ್ಸ್ ಕೆಳಗೆ ಡೈರೆಕ್ಟರಿಕ್ಯಾಶ್‌ಲೈಫ್‌ಟೈಮ್, ಫೈಲ್‌ಇನ್ಫೋಕ್ಯಾಶ್‌ಲೈಫ್‌ಟೈಮ್, ಫೈಲ್‌ನಾಟ್‌ಫೌಂಡ್‌ಕ್ಯಾಶ್‌ಲೈಫ್‌ಟೈಮ್ ಅಂತ ಮೂರು ಬೆಲೆಗಳಿವೆ. ಸುಮ್ನೆ ಮಾಡಬೇಡಿ ಅನ್ನುವುದು ನನ್ನ ಸಲಹೆ. ಇದನ್ನು ಸೊನ್ನೆ ಮಾಡಿದ ಮೇಲೆ ಸಾವಿರಾರು ಫೈಲ್ ಇರುವ ಫೋಲ್ಡರ್ ತೆರೆದು ನೋಡಿ, ಆಮೆ ವೇಗ.

ಒಂದೇ ಕಡೆ ಇದು ನ್ಯಾಯ. ಒಂದು ಪ್ರೋಗ್ರಾಂ ಫೈಲ್ ಬರೆಯುತ್ತದೆ, ಇನ್ನೊಂದು ಕಂಪ್ಯೂಟರ್‌ನ ಪ್ರೋಗ್ರಾಂ ತಕ್ಷಣ ಅದನ್ನು ಹುಡುಕುತ್ತದೆ. ಮೊದಲ ಸಲ ಹುಡುಕಿದಾಗ ಫೈಲ್ ಇನ್ನೂ ಬಂದಿರಲಿಲ್ಲ. ಮುಂದಿನ 5 ಸೆಕೆಂಡು "ಇಲ್ಲ, ಇಲ್ಲ" ಅಂತಲೇ ಉತ್ತರ ಬರುತ್ತದೆ. ಫೈಲ್ ಅಲ್ಲೇ ಇದ್ದರೂ! ಅಂಥ ಕಂಪ್ಯೂಟರ್ ಒಂದರಲ್ಲಿ ಮಾತ್ರ ಬದಲಾಯಿಸಿ. ಪ್ರೋಗ್ರಾಂ ಬರೆದವರು ಕೈಗೆ ಸಿಗುವಂತಿದ್ದರೆ "ಸಿಗದಿದ್ದರೆ ಸ್ವಲ್ಪ ತಡೆದು ಮತ್ತೆ ಹುಡುಕು" ಅಂತ ಸೇರಿಸಲು ಹೇಳಿ. ಅದೇ ಇನ್ನೂ ಒಳ್ಳೇದು.

ಲ್ಯಾಪ್‌ಟಾಪ್‌ನಲ್ಲಿ ಮಾತ್ರ ದಿನಗಟ್ಟಲೆ ಹಳೇ ಫೈಲ್ ಕಾಣುತ್ತೆ. ಯಾಕೆ?

ಸೆಕೆಂಡುಗಳ ಲೆಕ್ಕ ಅಲ್ಲ, ದಿನಗಳ ಲೆಕ್ಕ ಅಂದ ಕೂಡಲೇ ನಾನು ಮೊದಲು ಅನುಮಾನಿಸುವುದು ವಿಂಡೋಸ್‌ನ ಆಫ್‌ಲೈನ್ ಫೈಲ್ಸ್ ಸೌಲಭ್ಯವನ್ನು. ಶೇರ್‌ನಲ್ಲಿರುವ ಫೈಲ್‌ಗಳ ಒಂದು ಕಾಪಿಯನ್ನು ಇದು ಲ್ಯಾಪ್‌ಟಾಪ್ ಒಳಗೇ, ವಿಂಡೋಸ್ ಫೋಲ್ಡರ್‌ನ ಸಿಎಸ್‌ಸಿ ಅನ್ನುವ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ಸಾಗಲಿ ಅಂತ. ಮೋಸ ಎಲ್ಲಿ ಅಂದರೆ, ಪಾತ್ ಬದಲಾಗುವುದೇ ಇಲ್ಲ. ಸರ್ವರ್ ಹೆಸರೇ ಕಾಣುತ್ತದೆ, ಝಡ್ ಡ್ರೈವೇ ಕಾಣುತ್ತದೆ, ಒಳಗೆ ಮಾತ್ರ ನಿಮ್ಮ ಲ್ಯಾಪ್‌ಟಾಪ್‌ನ ಕಾಪಿ.

ನೆಟ್‌ವರ್ಕ್ ಪೂರ್ತಿ ಹೋಗಬೇಕು ಅಂತಲೂ ಇಲ್ಲ. ನಿಧಾನವಾದರೂ ಸಾಕು. ವಿಂಡೋಸ್ 8ರಿಂದ ಈಚೆಗೆ ಸರ್ವರ್‌ಗೆ ಹೋಗಿ ಬರಲು 35 ಮಿಲಿಸೆಕೆಂಡಿಗಿಂತ ಜಾಸ್ತಿ ಹಿಡಿದರೆ "ಸ್ಲೋ ಕನೆಕ್ಷನ್" ಅಂತ ತೀರ್ಮಾನಿಸಿ ಒಳಗಿನ ಕಾಪಿಗೆ ಬದಲಾಗುವುದು ಡೀಫಾಲ್ಟ್. ವಿಂಡೋಸ್ 7ರಲ್ಲಿ ಇದು 80 ಮಿಲಿಸೆಕೆಂಡು ಇತ್ತು. ಮನೆಯಿಂದ ವಿಪಿಎನ್‌ನಲ್ಲಿ ಕೆಲಸ ಮಾಡುವವರಿಗೆ 35 ದಾಟುವುದು ದೊಡ್ಡ ವಿಷಯವೇ ಅಲ್ಲ. ಹಾಗೆ ಬದಲಾದ ಮೇಲೆ ಹಿನ್ನೆಲೆಯಲ್ಲಿ ಸಿಂಕ್ ಆಗುವುದು 2 ಗಂಟೆಗೊಮ್ಮೆ. ಬೆಳಿಗ್ಗೆ 10ಕ್ಕೆ ಬದಲಾಗಿದ್ದು 12ಕ್ಕೆ ಕಾಣುತ್ತದೆ. ಸಿಂಕ್‌ನಲ್ಲೇ ಎರರ್ ಬಂದಿದ್ದರೆ ಯಾವತ್ತೂ ಕಾಣುವುದಿಲ್ಲ.

ನೋಡುವುದು ಹೇಗೆ? ಎಕ್ಸ್‌ಪ್ಲೋರರ್‌ನಲ್ಲಿ ಆ ಫೋಲ್ಡರ್ ತೆರೆದು ಕೆಳಗಿನ ಪಟ್ಟಿ ಅಥವಾ ಡೀಟೇಲ್ಸ್ ಪೇನ್ ನೋಡಿ. "ಆಫ್‌ಲೈನ್ ಸ್ಟೇಟಸ್" ಎದುರು ಆನ್‌ಲೈನ್ ಅಂತ ಇದೆಯೋ, ಆಫ್‌ಲೈನ್ ಅಂತ ಇದೆಯೋ? ವಿಂಡೋಸ್ 10ರಲ್ಲಿ ಮೇಲೆ ಈಸಿ ಆಕ್ಸೆಸ್ ಕೆಳಗೆ "ವರ್ಕ್ ಆಫ್‌ಲೈನ್" ಬಟನ್ ಇದೆ. ಯಾರೋ ತಿಳಿಯದೆ ಅದನ್ನು ಒತ್ತಿ ಬಿಟ್ಟಿರುವ ಕೇಸು ನಾನು ಎಷ್ಟೋ ನೋಡಿದ್ದೇನೆ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಸಿಂಕ್ ಸೆಂಟರ್ ತೆರೆಯಿರಿ. "ಕಾನ್‌ಫ್ಲಿಕ್ಟ್ಸ್" ಅಂತ ಒಂದು ಸಾಲು ಇದೆ. ಅಲ್ಲಿ ಒಂದಾದರೂ ಇದ್ದರೆ, ಆ ಫೈಲ್ ಎರಡೂ ಕಡೆ ಬದಲಾಗಿದೆ, ಯಾವುದು ಸರಿ ಅಂತ ವಿಂಡೋಸ್ ನಿಮ್ಮನ್ನು ಕೇಳುತ್ತಾ ಕಾದಿದೆ. ಗೊತ್ತಿಲ್ಲದಿದ್ದರೆ ಎರಡನ್ನೂ ಇಟ್ಟುಕೊಳ್ಳುವ ಆಯ್ಕೆ ಒತ್ತಿ.

ಆಫ್‌ಲೈನ್ ಕ್ಯಾಶ್ (ಲ್ಯಾಪ್‌ಟಾಪ್ ಒಳಗಿನ ಆ ಕಾಪಿಗಳು) ಪೂರ್ತಿ ಅಳಿಸಿದರೆ ಸರಿಹೋಗುತ್ತೆ ಅಂತ ಓದಿದೆ. ಮಾಡಲಾ?

ನಿಲ್ಲಿ. ಇದನ್ನು ನಾನು ಒಮ್ಮೆ ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ಹೊರಗಡೆ ಓಡಾಡಿ ಕೆಲಸ ಮಾಡುವ ಒಬ್ಬರ ಲ್ಯಾಪ್‌ಟಾಪ್. "ಇವರಿಗೆ ಫೋಲ್ಡರ್ ಪೂರಾ ಹಳೇದು ಕಾಣ್ತಿದೆ" ಅಂತ ಅವರ ಟೀಮಿನವರೇ ದೂರು ಕೊಟ್ಟಿದ್ದರು. ನೋಡಿದೆ, ಹೌದು, ಮೂರು ವಾರ ಹಳೇದು. ರಿಜಿಸ್ಟ್ರಿಯಲ್ಲಿ ಫಾರ್ಮ್ಯಾಟ್‌ಡೇಟಾಬೇಸ್ ಅನ್ನುವ ಬೆಲೆಯನ್ನು 1 ಮಾಡಿ ರೀಸ್ಟಾರ್ಟ್ ಮಾಡಿದೆ. ಸರ್ವರ್‌ನ ತಾಜಾ ಫೈಲ್‌ಗಳೆಲ್ಲ ಬಂದವು. ಹತ್ತು ನಿಮಿಷದ ಕೆಲಸ ಅಂತ ಖುಷಿಯಾಗಿ ಎದ್ದು ಬಂದೆ. ಊಟ ಮುಗಿಸಿ ಬಂದರೆ ಅವರು ಮೇಜಿನ ಹತ್ತಿರವೇ ನಿಂತಿದ್ದಾರೆ. "ಸಾರ್, ನನ್ನ ಅಳತೆ ಶೀಟ್‌ಗಳು ಎಲ್ಲಿ?" ಮೂರು ವಾರದಿಂದ ಲ್ಯಾಪ್‌ಟಾಪ್ ಆಫ್‌ಲೈನ್‌ನಲ್ಲೇ ಇತ್ತು. ಬೇರೆಯವರ ಫೈಲ್‌ಗಳು ಅವರಿಗೆ ಹಳೇದು, ನಿಜ. ಆದರೆ ಅವರದೇ ಫೈಲ್‌ಗಳ ಹೊಸ ಕಾಪಿ ಇದ್ದದ್ದು ಆ ಕ್ಯಾಶ್‌ನಲ್ಲಿ ಮಾತ್ರ. ನಾನು ಅಳಿಸಿದ್ದು ಅದನ್ನೇ. ಅವರು ಮೇಲ್‌ನಲ್ಲಿ ಕಳಿಸಿದ್ದ ಅಟ್ಯಾಚ್‌ಮೆಂಟ್‌ಗಳಿಂದ ಒಂದಿಷ್ಟು ವಾಪಸ್ ಸಿಕ್ಕಿತು. ಉಳಿದದ್ದನ್ನು ಅವರು ಮತ್ತೆ ಕೂತು ಟೈಪ್ ಮಾಡಿದರು.

ಈಗ ನಾನು ಹೀಗೆ ಮಾಡುತ್ತೇನೆ. ಲ್ಯಾಪ್‌ಟಾಪ್ ಆಫ್‌ಲೈನ್‌ನಲ್ಲಿ ಇರುವಾಗಲೇ ಇಡೀ ಫೋಲ್ಡರನ್ನು ಲೋಕಲ್ ಡಿಸ್ಕ್‌ನಲ್ಲಿ ಬೇರೆ ಕಡೆ ಕಾಪಿ ಮಾಡಿಕೊಳ್ಳುತ್ತೇನೆ. ಆಮೇಲೆ ಸಿಂಕ್ ಪ್ರಯತ್ನ. ಅದೂ ಆಗದಿದ್ದರೆ, ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು "ಇದರಲ್ಲಿ ನೀವು ಮುಟ್ಟಿದ್ದು ಯಾವುದು?" ಅಂತ ಕೇಳಿ, ಪಟ್ಟಿ ಬರೆದುಕೊಂಡು, ಕೊನೆಗೆ ರೀಸೆಟ್.

ಆಫ್‌ಲೈನ್ ಫೈಲ್ಸ್ ಬೇಡವೇ ಬೇಡ ಅಂದರೆ?

ಸರ್ವರ್‌ನಲ್ಲಿ ಆ ಶೇರ್‌ನ ಅಡ್ವಾನ್ಸ್ಡ್ ಶೇರಿಂಗ್ ಒಳಗೆ "ಕ್ಯಾಶಿಂಗ್" ಬಟನ್ ಇದೆ. ಅದರಲ್ಲಿ ಯಾವ ಫೈಲೂ ಆಫ್‌ಲೈನ್‌ಗೆ ಸಿಗಬಾರದು ಅನ್ನುವ ಆಯ್ಕೆ ಮಾಡಿ. ಹಲವರು ಒಟ್ಟಿಗೆ ಬಳಸುವ ಶೇರ್‌ಗೆ ಇದೇ ಸರಿ. ಒಬ್ಬರೇ ಬಳಸುವ ಹೋಮ್ ಫೋಲ್ಡರ್‌ಗೆ ಆಫ್‌ಲೈನ್ ಇರಲಿ, ತೊಂದರೆಯಿಲ್ಲ. ಆದರೆ ಆಫ್ ಮಾಡುವ ಮುಂಚೆ ಎಲ್ಲರ ಸಿಂಕ್ ಮುಗಿದಿದೆಯಾ ಅಂತ ನೋಡಿಕೊಳ್ಳಿ. ಮೇಲಿನ ಕಥೆ ಮತ್ತೊಮ್ಮೆ ಬೇಡ.

ಒಂದೇ ಸರ್ವರ್ ಹೆಸರು, ಆದರೆ ಎರಡು ಬ್ರಾಂಚ್‌ನವರಿಗೆ ಎರಡು ಥರ ಕಾಣುತ್ತೆ. ಹೇಗೆ ಸಾಧ್ಯ?

ಹೆಸರು ಒಂದು, ಸರ್ವರ್ ಎರಡು. ಇದಕ್ಕೆ ಡಿಎಫ್‌ಎಸ್ ಅನ್ನುತ್ತಾರೆ. ಬಳಸುವವರಿಗೆ ಒಂದೇ ವಿಳಾಸ ಕಾಣುತ್ತದೆ. ಹಿಂದೆ ಪ್ರತಿ ಬ್ರಾಂಚ್‌ಗೂ ಒಂದೊಂದು ಸರ್ವರ್ ಇರುತ್ತದೆ, ಅವು ಒಂದಕ್ಕೊಂದು ಬದಲಾವಣೆ ಕಳಿಸಿಕೊಳ್ಳುತ್ತಾ ಇರುತ್ತವೆ. ಕಳಿಸುವುದು ನಿಂತರೆ ಅಥವಾ ತಡವಾದರೆ ಇಬ್ಬರಿಗೆ ಎರಡು ಫೈಲ್.

ನೀವು ಯಾವ ಸರ್ವರ್‌ನಲ್ಲಿದ್ದೀರಿ ಅಂತ ನೋಡಲು ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡಿಎಫ್‌ಎಸ್ ಟ್ಯಾಬ್ ತೆರೆಯಿರಿ. ಸರ್ವರ್‌ಗಳ ಪಟ್ಟಿ ಇರುತ್ತದೆ, ಒಂದರ ಮುಂದೆ "ಆಕ್ಟಿವ್" ಅಂತ ಇರುತ್ತದೆ. ಆ ಟ್ಯಾಬೇ ಇಲ್ಲದಿದ್ದರೆ ಅದು ಡಿಎಫ್‌ಎಸ್ ಫೋಲ್ಡರ್ ಅಲ್ಲ, ಈ ಪ್ರಶ್ನೆ ಬಿಟ್ಟುಬಿಡಿ.

ತಡವಾಗಲು ಕಾರಣಗಳು ಹಲವು. ಫೈಲ್ ತೆರೆದೇ ಇದ್ದರೆ ಅದು ಇನ್ನೊಂದು ಕಡೆಗೆ ಹೋಗುವುದಿಲ್ಲ, ಮುಚ್ಚಿದ ಮೇಲೇ ಪ್ರಯಾಣ. ಬೆಳಿಗ್ಗೆ ತೆರೆದು ಸಂಜೆವರೆಗೂ ಹಾಗೇ ಬಿಡುವವರ ಫೈಲ್ ಸಂಜೆಯೇ ಹೊರಡುತ್ತದೆ. ದೊಡ್ಡ ಫೈಲ್‌ಗಳನ್ನು ಒಟ್ಟಿಗೆ ಸುರಿದರೆ ಸ್ಟೇಜಿಂಗ್ ಜಾಗ (ಕಳಿಸುವ ಮುಂಚೆ ಫೈಲ್ ಇಡುವ ತಾತ್ಕಾಲಿಕ ಜಾಗ) ತುಂಬುತ್ತದೆ. ಡೀಫಾಲ್ಟ್ 4 ಜಿಬಿ, ವಿಡಿಯೋ ಇಟ್ಟುಕೊಳ್ಳುವವರಿಗೆ ಇದು ಯಾವ ಮೂಲೆಗೂ ಸಾಲದು. ಇನ್ನು ಬಿಎಕೆ, ಟಿಎಂಪಿ ಎಕ್ಸ್‌ಟೆನ್ಷನ್ ಇರುವ ಫೈಲ್‌ಗಳು, ಟಿಲ್ಡೆ (~) ಗುರುತಿನಿಂದ ಶುರುವಾಗುವ ಹೆಸರುಗಳು ಡೀಫಾಲ್ಟ್ ಆಗಿ ಹೋಗುವುದೇ ಇಲ್ಲ. "ಬ್ಯಾಕಪ್ ಇನ್ನೊಂದು ಬ್ರಾಂಚ್‌ನಲ್ಲೂ ಇದೆ" ಅಂತ ನಂಬಿಕೊಂಡಿದ್ದವರಿಗೆ ಇದು ಕೆಟ್ಟ ದಿನದಲ್ಲಿ ಗೊತ್ತಾಗುತ್ತದೆ.

ಒಂದು ಸರ್ವರ್ 60 ದಿನಕ್ಕಿಂತ ಜಾಸ್ತಿ ಸಂಪರ್ಕ ಕಳೆದುಕೊಂಡಿದ್ದರೆ, ಅದರಲ್ಲಿರುವುದು ತೀರಾ ಹಳಸಲು ಅಂತ ತಿಳಿದು ಡಿಎಫ್‌ಎಸ್ ಅದನ್ನು ಸೇರಿಸಿಕೊಳ್ಳುವುದಿಲ್ಲ. ಅದು ಒಳ್ಳೆಯದಕ್ಕೇ. ಇಲ್ಲದಿದ್ದರೆ ಎರಡು ತಿಂಗಳ ಹಿಂದೆ ಡಿಲೀಟ್ ಮಾಡಿದ್ದೆಲ್ಲ ಎದ್ದು ಬರುತ್ತಿತ್ತು.

ಎರಡು ಕಡೆ ಒಂದೇ ಫೈಲ್ ತಿದ್ದಿದರು. ಒಬ್ಬರ ಕೆಲಸ ಮಾಯ. ಸಿಗುತ್ತಾ?

ಡಿಎಫ್‌ಎಸ್ ಆದರೆ ಬಹುಶಃ ಸಿಗುತ್ತದೆ. ಕೊನೆಗೆ ಸೇವ್ ಮಾಡಿದವರು ಗೆಲ್ಲುತ್ತಾರೆ, ಅದೇ ಅದರ ನಿಯಮ. ಸೋತ ಕಾಪಿ ತಕ್ಷಣ ಅಳಿಯುವುದಿಲ್ಲ. ಸರ್ವರ್‌ನ ಡಿಎಫ್‌ಎಸ್‌ಆರ್‌ಪ್ರೈವೇಟ್ ಅನ್ನುವ ಅಡಗಿಸಿಟ್ಟ ಫೋಲ್ಡರ್ ಒಳಗೆ ಕಾನ್‌ಫ್ಲಿಕ್ಟ್‌ಆಂಡ್‌ಡಿಲೀಟೆಡ್ ಅಂತ ಒಂದು ಜಾಗವಿದೆ. ಅಲ್ಲಿ ಹೆಸರು ಬದಲಾಯಿಸಿ ಇಟ್ಟಿರುತ್ತದೆ. ಅದಕ್ಕೂ ಒಂದು ಮಿತಿ ಇದೆ, ತುಂಬಿದ ಹಾಗೆ ಹಳೇದು ಹೋಗುತ್ತದೆ. ಹಾಗಾಗಿ ಇವತ್ತೇ ಸರ್ವರ್ ನೋಡಿಕೊಳ್ಳುವವರಿಗೆ ಹೇಳಿ. ಮುಂದಿನ ವಾರ ಅಲ್ಲ.

ಎಕ್ಸೆಲ್ ಫೈಲ್ ತೆರೆದೇ ಇಟ್ಟಿದ್ದೇನೆ. ಬೇರೆಯವರು ತಿದ್ದಿದ್ದು ನನಗೆ ಯಾಕೆ ಬರಲ್ಲ?

ಶೇರ್‌ನಲ್ಲಿ ಮಾಮೂಲಿಯಾಗಿ ತೆರೆದ ಎಕ್ಸೆಲ್ ಫೈಲ್ ಒಂದು ಫೋಟೋ ಇದ್ದ ಹಾಗೆ. ತೆರೆದ ಗಳಿಗೆಯಲ್ಲಿ ಏನಿತ್ತೋ ಅದೇ. ಇನ್ನೊಬ್ಬರು ತೆರೆದಿರುವಾಗ ನೀವು ರೀಡ್ ಓನ್ಲಿ ಒತ್ತಿ ಒಳಗೆ ಹೋದರೆ, ಅವರು ಹತ್ತು ಸಲ ಸೇವ್ ಮಾಡಿದರೂ ನಿಮ್ಮ ಸ್ಕ್ರೀನ್ ಅಲ್ಲಾಡುವುದಿಲ್ಲ. ಮುಚ್ಚಿ ಮತ್ತೆ ತೆರೆಯಬೇಕು.

ಇದರಲ್ಲಿ ಅಪಾಯ ಇರುವುದು "ಸೇವ್ ಆ್ಯಸ್"ನಲ್ಲಿ. ರೀಡ್ ಓನ್ಲಿಯಲ್ಲಿ ತಿದ್ದಿ, ಸೇವ್ ಆಗದೆ, ಹೆಸರಿನ ಮುಂದೆ 2 ಹಾಕಿ ಸೇವ್ ಮಾಡುತ್ತಾರೆ. ಮಾರನೇ ದಿನ ಯಾರೋ ಆ 2ನ್ನು ಹೊಸದು ಅಂದುಕೊಂಡು ಮುಂದುವರಿಸುತ್ತಾರೆ. ಈಗ ಎರಡು ಫೈಲ್, ಎರಡರಲ್ಲೂ ಅರ್ಧರ್ಧ ಸತ್ಯ. ರೀಡ್ ಓನ್ಲಿ ಬದಲು "ನೋಟಿಫೈ" ಒತ್ತಿ, ಅವರು ಮುಚ್ಚಿದಾಗ ನಿಮಗೆ ತಿಳಿಸುತ್ತದೆ.

ಯಾರೂ ತೆರೆದಿಲ್ಲ, ಆದರೂ "ಇಂಥವರು ಬಳಸುತ್ತಿದ್ದಾರೆ" ಅಂತ ಬರುತ್ತೆ.

ಅವರ ಕಂಪ್ಯೂಟರ್ ನಡುವೆ ಆಫ್ ಆಗಿರಬಹುದು. ಆಫೀಸ್ ಪ್ರೋಗ್ರಾಂಗಳು ಫೈಲ್ ತೆರೆದಾಗ ಪಕ್ಕದಲ್ಲೇ ಟಿಲ್ಡೆ ಮತ್ತು ಡಾಲರ್ ಗುರುತಿನಿಂದ ಶುರುವಾಗುವ ಒಂದು ಪುಟ್ಟ ಅಡಗಿದ ಫೈಲ್ ಇಡುತ್ತವೆ. ತೆರೆದವರ ಹೆಸರು ಅದರಲ್ಲಿರುತ್ತದೆ. ಸರಿಯಾಗಿ ಮುಚ್ಚದಿದ್ದರೆ ಅದು ಅಲ್ಲೇ ಉಳಿಯುತ್ತದೆ. ಸರ್ವರ್‌ನಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್, ಶೇರ್ಡ್ ಫೋಲ್ಡರ್ಸ್, ಓಪನ್ ಫೈಲ್ಸ್‌ಗೆ ಹೋದರೆ ನಿಜವಾಗಿ ಯಾರು ಹಿಡಿದುಕೊಂಡಿದ್ದಾರೆ ಅಂತ ಕಾಣುತ್ತದೆ. ಅಲ್ಲಿಂದಲೇ ಮುಚ್ಚಿಸಬಹುದು. ಆದರೆ ಮೊದಲು ಆ ಮನುಷ್ಯರನ್ನು ಕೇಳಿ. ಸೇವ್ ಮಾಡದ ಕೆಲಸ ಇರಬಹುದು.

ಒಂದು ಎಕ್ಸೆಲ್‌ನಿಂದ ಇನ್ನೊಂದಕ್ಕೆ ಲಿಂಕ್ ಇದೆ. ಮೂಲ ಬದಲಾದರೂ ಇಲ್ಲಿ ಹಳೇ ಅಂಕಿ.

ಲಿಂಕ್ ಮಾಡಿದ ಫೈಲ್ ಕೊನೆಯ ಸಲ ಓದಿದ ಅಂಕಿಯನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ತೆರೆದಾಗ "ಅಪ್‌ಡೇಟ್ ಮಾಡಲಾ?" ಅಂತ ಕೇಳಿದ್ದಕ್ಕೆ ಬೇಡ ಅಂದಿದ್ದರೆ ಹಳೇದೇ ಉಳಿಯುತ್ತದೆ. ಕೆಲವರು ಆ ಪ್ರಶ್ನೆಯೇ ಬರದ ಹಾಗೆ ಸೆಟ್ ಮಾಡಿರುತ್ತಾರೆ. ಡೇಟಾ ಮೆನುವಿನಲ್ಲಿ ಲಿಂಕ್‌ಗಳ ಪಟ್ಟಿ ತೆರೆದು ನೋಡಿ. ಎಷ್ಟೋ ಸಲ ಲಿಂಕ್ ಹೋಗುತ್ತಿರುವುದು ಯಾರದೋ ಡೆಸ್ಕ್‌ಟಾಪ್‌ಗೆ.

ತಯಾರಾದ ತಾರೀಖು ತಿದ್ದಿದ ತಾರೀಖಿಗಿಂತ ಈಚಿನದು! ಹುಟ್ಟೋಕೆ ಮುಂಚೆ ತಿದ್ದಿದ್ದು ಹೇಗೆ?

ಕೇಳಲು ತಮಾಷೆಯಾಗಿದೆ, ಆದರೆ ಇದೇ ಒಳ್ಳೆಯ ಸುಳಿವು. ಎಕ್ಸ್‌ಪ್ಲೋರರ್‌ನಲ್ಲಿ ಫೈಲ್ ಕಾಪಿ ಮಾಡಿದಾಗ ತಿದ್ದಿದ ತಾರೀಖು ಹಾಗೇ ಉಳಿಯುತ್ತದೆ. ತಯಾರಾದ ತಾರೀಖು ಮಾತ್ರ ಕಾಪಿ ಮಾಡಿದ ಕ್ಷಣದ್ದು ಆಗುತ್ತದೆ. ಅಂದರೆ ಈ ಥರ ಉಲ್ಟಾ ಕಂಡರೆ, ನೀವು ನೋಡುತ್ತಿರುವುದು ಕಾಪಿ. ಯಾವಾಗ ಕಾಪಿ ಮಾಡಿದ್ದು ಅನ್ನುವುದೂ ಅಲ್ಲೇ ಇದೆ. ಜಗಳ ಬಿಡಿಸಲು ಇದನ್ನು ನಾನು ಎಷ್ಟು ಸಲ ಬಳಸಿದ್ದೇನೋ ಲೆಕ್ಕವಿಲ್ಲ.

ತಾರೀಖುಗಳ ಬಗ್ಗೆ ಇನ್ನೆರಡು ಮಾತು. ಒಂದು ಪ್ರೋಗ್ರಾಂ ಫೈಲನ್ನು ತೆರೆದಿಟ್ಟುಕೊಂಡು ಬರೆಯುತ್ತಲೇ ಇದ್ದರೆ, ಪಟ್ಟಿಯಲ್ಲಿ ಕಾಣುವ ಸೈಜ್ ಮತ್ತು ಸಮಯ ಹಿಂದೆ ಉಳಿಯಬಹುದು. ಲಾಗ್ ಫೈಲ್‌ಗಳಲ್ಲಿ ಇದು ಸಾಮಾನ್ಯ. ಪಟ್ಟಿಯಲ್ಲಿ ಸೊನ್ನೆ ಕೆಬಿ, ತೆರೆದರೆ ಪುಟಗಟ್ಟಲೆ. ಇನ್ನೊಂದು, ಫ್ಯಾಟ್ ಫಾರ್ಮ್ಯಾಟ್‌ನ ಪೆನ್‌ಡ್ರೈವ್ ಸಮಯವನ್ನು 2 ಸೆಕೆಂಡಿನ ಹೆಜ್ಜೆಯಲ್ಲಿ ಮಾತ್ರ ಬರೆಯುತ್ತದೆ. ಅದರಿಂದ ವಾಪಸ್ ತಂದ ಫೈಲನ್ನು ಸಿಂಕ್ ಪ್ರೋಗ್ರಾಂ "ಬದಲಾಗಿದೆ" ಅಂದುಕೊಳ್ಳುತ್ತದೆ. ವಿಂಡೋಸ್‌ನ ಕಾಪಿ ಕಮಾಂಡ್ ರೋಬೋಕಾಪಿಯಲ್ಲಿ ಇದನ್ನು ಕ್ಷಮಿಸಲು ಎಫ್‌ಎಫ್‌ಟಿ ಅನ್ನುವ ಸ್ವಿಚ್ ಇದೆ.

ಗಡಿಯಾರವನ್ನೂ ಒಮ್ಮೆ ನೋಡಿ. ಎನ್‌ಎಎಸ್ ಡಬ್ಬಿಯ ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ, "ಹೊಸದನ್ನು ಮಾತ್ರ ಕಾಪಿ ಮಾಡು" ಅನ್ನುವ ಸ್ಕ್ರಿಪ್ಟ್‌ಗಳೆಲ್ಲ ತಪ್ಪು ತೀರ್ಮಾನ ಮಾಡುತ್ತವೆ.

ಲಿನಕ್ಸ್ ಸರ್ವರ್‌ನಲ್ಲಿ ಎನ್‌ಎಫ್‌ಎಸ್ (ಲಿನಕ್ಸ್ ಕಡೆಯ ಫೈಲ್ ಹಂಚಿಕೆ ವ್ಯವಸ್ಥೆ) ಬಳಸುತ್ತೇವೆ. ಅಲ್ಲೂ ಹೀಗೇನಾ?

ಅಲ್ಲೂ ನೆನಪಿನ ಆಟವೇ. ಡೀಫಾಲ್ಟ್‌ನಲ್ಲಿ ಫೈಲ್‌ನ ವಿವರಗಳನ್ನು 3ರಿಂದ 60 ಸೆಕೆಂಡು, ಡೈರೆಕ್ಟರಿಯ ವಿವರಗಳನ್ನು 30ರಿಂದ 60 ಸೆಕೆಂಡು ಇಟ್ಟುಕೊಳ್ಳುತ್ತದೆ. ಒಬ್ಬರು ಮುಚ್ಚಿದ ಮೇಲೆ ಇನ್ನೊಬ್ಬರು ತೆರೆದರೆ ಹೊಸದೇ ಸಿಗಬೇಕು ಅನ್ನುವುದು ಎನ್‌ಎಫ್‌ಎಸ್ ಕೊಡುವ ಮಾತು. ಇಬ್ಬರೂ ಒಟ್ಟಿಗೆ ತೆರೆದಿದ್ದರೆ ಆ ಮಾತು ಅನ್ವಯಿಸುವುದಿಲ್ಲ. ಮೌಂಟ್ ಮಾಡುವಾಗ (ಶೇರನ್ನು ಕಂಪ್ಯೂಟರ್‌ಗೆ ಜೋಡಿಸುವಾಗ) ಈ ನೆನಪಿನ ಅವಧಿ ಹೇಳುವ ಆ್ಯಕ್‌ಟೈಮಿಯೋ ಬೆಲೆ ಇಳಿಸಬಹುದು. ನೋ-ಎಸಿ ಹಾಕಿದರೆ ನೆನಪಿಡುವುದೇ ಪೂರ್ತಿ ನಿಲ್ಲುತ್ತದೆ, ಜೊತೆಗೆ ವೇಗವೂ ನಿಲ್ಲುತ್ತದೆ. ಲಿನಕ್ಸ್‌ನಿಂದ ವಿಂಡೋಸ್ ಶೇರನ್ನು ಸಿಫ್ಸ್ (ವಿಂಡೋಸ್ ಶೇರ್‌ನ ವಿಧಾನ) ಆಗಿ ಮೌಂಟ್ ಮಾಡಿದರೆ ಈ ಆ್ಯಕ್‌ಟೈಮಿಯೋ ಡೀಫಾಲ್ಟ್ 1 ಸೆಕೆಂಡು. ಅಲ್ಲಿ ದೂರು ಕಡಿಮೆ.

ಮ್ಯಾಕ್‌ನಲ್ಲಿ?

ಫೈಂಡರ್ ವಿಂಡೋ ಮುಚ್ಚಿ ತೆರೆಯಿರಿ. ಆಗಲಿಲ್ಲವಾ, ಫೈಂಡರನ್ನೇ ರೀಲಾಂಚ್ ಮಾಡಿ. ಅದೂ ಆಗದಿದ್ದರೆ ಶೇರನ್ನು ಇಜೆಕ್ಟ್ ಮಾಡಿ ಮತ್ತೆ ಕನೆಕ್ಟ್ ಮಾಡಿ.

ಹುಡುಕಿದರೆ ಹಳೇ ಹೆಸರು ಬರುತ್ತೆ, ಥಂಬ್‌ನೇಲ್‌ನಲ್ಲಿ ಹಳೇ ಚಿತ್ರ ಬರುತ್ತೆ.

ಫೈಲ್ ತೆರೆದರೆ ಹೊಸದೇ ಇದೆ ತಾನೇ? ಹಾಗಾದರೆ ಚಿಂತೆ ಬೇಡ. ಸರ್ಚ್ ಇಂಡೆಕ್ಸ್ ಮತ್ತು ಥಂಬ್‌ನೇಲ್ ಕ್ಯಾಶ್ ಎರಡೂ ನಿಧಾನವಾಗಿ ಹಿಂದಿನಿಂದ ಬಂದು ಸೇರಿಕೊಳ್ಳುತ್ತವೆ. ತೀರಾ ಕಿರಿಕಿರಿ ಅನ್ನಿಸಿದರೆ ಡಿಸ್ಕ್ ಕ್ಲೀನಪ್‌ನಲ್ಲಿ ಥಂಬ್‌ನೇಲ್ಸ್ ಅಳಿಸಿ.

ಹಳೇದನ್ನು ಹೊಸದರ ಮೇಲೆ ಸೇವ್ ಮಾಡಿಬಿಟ್ಟರು. ಈಗೇನು?

ಮೊದಲು, ಆ ಫೈಲನ್ನು ಯಾರೂ ಮತ್ತೆ ಸೇವ್ ಮಾಡಬಾರದು. ಆಮೇಲೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, "ಪ್ರೀವಿಯಸ್ ವರ್ಷನ್ಸ್". ಸರ್ವರ್‌ನಲ್ಲಿ ಶ್ಯಾಡೋ ಕಾಪಿ (ನಿಗದಿತ ಹೊತ್ತಿಗೆ ತಾನಾಗೇ ತೆಗೆದಿಡುವ ಕಾಪಿ) ಆನ್ ಇದ್ದರೆ ಪಟ್ಟಿ ಬರುತ್ತದೆ. ಡೀಫಾಲ್ಟ್ ವೇಳಾಪಟ್ಟಿ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 7 ಮತ್ತು ಮಧ್ಯಾಹ್ನ 12. ಒಂದು ವಾಲ್ಯೂಮ್‌ಗೆ 64 ಕಾಪಿ ಮಿತಿ, ಆಮೇಲೆ ಹಳೇದು ಒಂದೊಂದಾಗಿ ಹೋಗುತ್ತದೆ.

"ರೀಸ್ಟೋರ್" ಬಟನ್ ಒತ್ತಬೇಡಿ. ಅದು ಇಡೀ ಫೋಲ್ಡರನ್ನು ಹಿಂದಕ್ಕೆ ಎಳೆಯುತ್ತದೆ, ಬೇರೆಯವರ ಇವತ್ತಿನ ಕೆಲಸವೂ ಹೋಗುತ್ತದೆ. "ಓಪನ್" ಒತ್ತಿ, ಬೇಕಾದ ಒಂದು ಫೈಲನ್ನು ಮಾತ್ರ ಕಾಪಿ ಮಾಡಿಕೊಂಡು ಬೇರೆ ಹೆಸರಲ್ಲಿ ಇಡಿ. ಪಟ್ಟಿ ಖಾಲಿ ಇದ್ದರೆ ಬ್ಯಾಕಪ್ ನೋಡಿಕೊಳ್ಳುವವರೇ ಗತಿ.

ಡ್ರೈವ್ ತುಂಬ ನಿಜಕ್ಕೂ ಹಳೇ ಫೈಲ್‌ಗಳೇ. ಯಾವುದನ್ನು ತೆಗೆಯೋದು ಹೇಗೆ ಗೊತ್ತಾಗುತ್ತೆ?

"ಕೊನೆಗೆ ತೆರೆದ ತಾರೀಖು" ನೋಡಿ ತೀರ್ಮಾನ ಮಾಡಬೇಡಿ. ವಿಂಡೋಸ್ ವಿಸ್ಟಾ ಕಾಲದಿಂದ ಎಷ್ಟೋ ಕಡೆ ಅದನ್ನು ಬರೆಯುವುದನ್ನೇ ಆಫ್ ಮಾಡಿ ಇಡಲಾಗಿದೆ. ಬರೆಯುವ ಕಡೆಯೂ ಆ್ಯಂಟಿವೈರಸ್, ಬ್ಯಾಕಪ್ ಎಲ್ಲ ಅದನ್ನು ಕೆಡಿಸಬಹುದು. ತಿದ್ದಿದ ತಾರೀಖೇ ವಾಸಿ. ಅದರಲ್ಲೂ ಒಂದು ಕೊರತೆ ಇದೆ. ಐದು ವರ್ಷದಿಂದ ತಿದ್ದದ ಟೆಂಪ್ಲೇಟನ್ನು ಯಾರೋ ದಿನಾ ತೆರೆಯುತ್ತಿರಬಹುದು.

ನಾನು ಡಿಲೀಟ್ ಮಾಡುವುದಿಲ್ಲ. ಅನುಮಾನದ ಫೋಲ್ಡರನ್ನು ಬೇರೆ ಕಡೆ ಸರಿಸಿ, ಮೂರು ತಿಂಗಳು ಕಾಯುತ್ತೇನೆ. ವರ್ಷಕ್ಕೊಮ್ಮೆ ಬೇಕಾಗುವ ಲೆಕ್ಕದ ಫೈಲ್‌ಗಳಿದ್ದರೆ ಒಂದು ವರ್ಷ. "ಫೈನಲ್", "ಫೈನಲ್ ಹೊಸದು", "ಫೈನಲ್ ಇದೇ" ಅಂತ ಸಾಲಾಗಿ ನಿಂತ ಮೂರು ಫೈಲ್ ಸಿಕ್ಕರೆ ಊಹೆ ಮಾಡಲು ಹೋಗಬೇಡಿ. ಬರೆದವರನ್ನು ಹುಡುಕಿ ಕೇಳಿ. ಅವರಿಗೂ ಗೊತ್ತಿರುವುದಿಲ್ಲ, ಆದರೆ ಆಮೇಲೆ ಜವಾಬ್ದಾರಿ ಅವರದು.

ಡಿಲೀಟ್ ಮಾಡಿದ ಫೈಲ್ ಮತ್ತೆ ಎದ್ದು ಬರುತ್ತೆ!

ಯಾರದೋ ಲ್ಯಾಪ್‌ಟಾಪ್ ಅದನ್ನು ವಾಪಸ್ ತಳ್ಳುತ್ತಿದೆ. ಆಫ್‌ಲೈನ್ ಫೈಲ್ಸ್ ಇರಬಹುದು, ಯಾರೋ ಬರೆದ ಕಾಪಿ ಸ್ಕ್ರಿಪ್ಟ್ ಇರಬಹುದು. ವಾಪಸ್ ಬಂದ ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ಸೆಕ್ಯೂರಿಟಿ ಟ್ಯಾಬ್, ಅಡ್ವಾನ್ಸ್ಡ್ ಒಳಗೆ "ಓನರ್" ಯಾರು ಅಂತ ನೋಡಿ. ಸಾಮಾನ್ಯವಾಗಿ ಅಲ್ಲೇ ಹೆಸರು ಸಿಗುತ್ತದೆ.

ಐಟಿಯವರಿಗೆ ದೂರು ಕೊಡುವಾಗ ಏನೇನು ಬರೆಯಬೇಕು?

"ಡ್ರೈವ್ ಸರಿ ಇಲ್ಲ, ಬೇಗ ನೋಡಿ" ಅಂತ ಬಂದರೆ ನಾವು ವಾಪಸ್ ನಾಲ್ಕು ಪ್ರಶ್ನೆ ಕೇಳಬೇಕಾಗುತ್ತದೆ, ಅಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಹೀಗೆ ಬರೆದು ನೋಡಿ:

"ಝಡ್ ಡ್ರೈವ್, ನೆಟ್ ಯೂಸ್‌ನಲ್ಲಿ ಬಂದ ಪೂರ್ತಿ ವಿಳಾಸ ಕೆಳಗಿದೆ. ಫೈಲ್ ಹೆಸರು ಸ್ಟಾಕ್ ಪಟ್ಟಿ. ನಾನು ಬೆಳಿಗ್ಗೆ 10:20ಕ್ಕೆ ಸೇವ್ ಮಾಡಿದೆ. ನನ್ನ ಕಡೆ ತಿದ್ದಿದ ಸಮಯ 10:20, ಪಕ್ಕದವರ ಕಡೆ ನಿನ್ನೆ 5:05. ಎಫ್5 ಒತ್ತಿದ್ದಾಯಿತು. ಪರೀಕ್ಷೆಗೆ ಮಾಡಿದ ಟೆಕ್ಸ್ಟ್ ಫೈಲ್ ಅವರಿಗೆ ಕಾಣಲಿಲ್ಲ. ಅವರದು ಲ್ಯಾಪ್‌ಟಾಪ್, ವಿಪಿಎನ್‌ನಲ್ಲಿದ್ದಾರೆ. ಇಬ್ಬರೂ ಏನನ್ನೂ ಅಳಿಸಿಲ್ಲ."